ಕುಜಾ ಕೊಕ್ಕೆಯ ಸೈಕಲ್ಲು

ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಹುಡುಕಿಕೊಂಡು ಬಂದರೆ ಎರಡು ಪ್ರಶ್ನೆ ಕೇಳುತ್ತಾರೆ. ಬಡ್ತಿ ಯಾವಾಗ ಸಿಗುತ್ತದೆ, ಹಳ್ಳಿ ತಿರುಗಾಟಕ್ಕೆ ಯಾವ ಗಾಡಿ ಒಳ್ಳೆಯದು. ಬಡ್ತಿಯ ವಿಷಯ ನನಗೆ ಗೊತ್ತಿಲ್ಲ; ಬಂದಾಗ ಬಂತು, ಬಾರದಾಗ ಬರಲಿಲ್ಲ. ಗಾಡಿಯ ವಿಷಯ ಮಾತ್ರ ಕೇಳಿ. ಬೀದರ, ಭಾಲ್ಕಿ, ಔರಾದ, ಈ ಮೂರು ಊರುಗಳ ನಡುವಿನ ಪ್ರತಿಯೊಂದು ಗುಂಡಿಗೂ ನನ್ನ ಸೊಂಟದ ಪರಿಚಯವಿದೆ. ಮೋಟರ್ ಸೈಕಲ್ಲು ಬರುವ ಮೊದಲಿನ ಮಾತು ಇದು. ಆಗ ನಮಗಿದ್ದದ್ದು ಕಬ್ಬಿಣದ ಸೈಕಲ್ಲು, ನೀರು ತಂಪಾಗಿಡುವ ಮಣ್ಣಿನ ಕುಜಾ ಮತ್ತು ದಪ್ಪ ಚರ್ಮ.

ನಾನು ಟೀಕಾದಾರನಾಗಿದ್ದೆ. ಅಂದರೆ ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಲಸಿಕೆ ಹಾಕುವವನು. ನಮ್ಮ ಕಡೆ ಸಿಡುಬಿಗೆ ದೇವಿ ಎನ್ನುತ್ತಿದ್ದರು, ಲಸಿಕೆಗೆ ಟೀಕಾ. ಈಗ ಆ ಬೇನೆಯೇ ಭೂಮಿಯ ಮೇಲಿಲ್ಲ, ಹಾಗಾಗಿ ನನ್ನ ಕೆಲಸವೂ ಇಲ್ಲ. ಮಾಡಿದ ಕೆಲಸ ಪೂರ್ತಿ ಮುಗಿದುಹೋಗಿ ಅದರ ಹೆಸರೇ ಅಳಿಸಿಹೋಗುವುದು ಎಷ್ಟು ಜನಕ್ಕೆ ಒದಗುತ್ತದೆ ಹೇಳಿ? ನನಗೆ ಒದಗಿತು. ಅದರ ಹೆಮ್ಮೆ ನನಗೆ ಇದೆ, ಮುಚ್ಚಿಡುವುದಿಲ್ಲ.

ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆದ ವರ್ಷದ ಚಳಿಗಾಲದಲ್ಲಿ ನನಗೆ ನೌಕರಿ ಸಿಕ್ಕಿತು. ನಿಜಾಮರ ಆಡಳಿತ ಹೋಗಿ ಹೈದರಾಬಾದ್ ಸಂಸ್ಥಾನಕ್ಕೆ ಮಿಲಿಟರಿ ಗವರ್ನರ್ ಬಂದಿದ್ದರು. ಕಚೇರಿಯಲ್ಲಿ ಎಲ್ಲವೂ ಉರ್ದುವಿನಲ್ಲೇ ನಡೆಯುತ್ತಿತ್ತು, ಆದರೆ ಮಾತಾಡುವವರು ಮಾತ್ರ ದನಿ ತಗ್ಗಿಸಿಕೊಂಡಿದ್ದರು. ನಾನು ಬಗದಲಿನವನು, ಕುರಿ ಕಾಯುವವರ ಮನೆಯವನು, ಉರ್ದು ಸಾಲಿಯಲ್ಲಿ ಓದಿದವನು. ಔರಾದ ಭಾಲ್ಕಿ ಭಾಗದ ಟೀಕಾದಾರನ ಜಾಗ ಖಾಲಿ ಇದೆ ಎಂದು ಕರೆದರು. ಯಾಕೆ ಖಾಲಿಯಾಯಿತು ಎಂದು ಕೇಳಿದೆ. ಗುಮಾಸ್ತರು ತಲೆ ಎತ್ತದೆ, ಮೊದಲಿನವನು ಗಲಾಟೆಯ ದಿನಗಳಲ್ಲಿ ಹೇಳದೆ ಕೇಳದೆ ಪಾಕಿಸ್ತಾನಕ್ಕೆ ಓಡಿಹೋದ ಎಂದರು. ಹಾಗೆ ಹೋದವರು ಆಗ ಇದ್ದರು. ನಾನು ನಂಬಿ ನೌಕರಿಗೆ ಸೇರಿದೆ.

ನಮ್ಮ ದೊಡ್ಡ ಸಾಹೇಬರು ಹೈದರಾಬಾದಿನವರು. ಶಿಸ್ತಿನ ಮುದುಕರು; ಅವರ ಮುಂದೆ ಕೆಮ್ಮುವುದಕ್ಕೂ ಹೆದರುತ್ತಿದ್ದೆವು. ಅವರು ನನಗೆ ಎರಡೇ ಪಾಠ ಹೇಳಿಕೊಟ್ಟರು. ಒಂದು, ಟೀಕಾದ ಕೊಳವೆಗಳಿಗೆ ಬಿಸಿಲು ತಾಗಿದರೆ ಅವು ಸತ್ತಂತೆ. ಆದ್ದರಿಂದ ಅವನ್ನು ಒದ್ದೆ ಮರಳು ತುಂಬಿದ ಕುಜಾದಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಸುತ್ತಿ, ಊರು ಮುಟ್ಟಿದ ಕೂಡಲೇ ಮೊದಲು ಕುಜಾ ಇಳಿಸಿ ನೆರಳಿಗಿಡಬೇಕು, ಆಮೇಲೆ ತಾನು ನೀರು ಕುಡಿಯಬೇಕು. ಎರಡು, ಟೀಕಾ ಹಾಕಿದ ಎಂಟನೇ ದಿನ ಅದೇ ಊರಿಗೆ ಹೋಗಿ ಮಕ್ಕಳ ತೋಳು ನೋಡಬೇಕು. ಗುಳ್ಳೆ ಎದ್ದಿದ್ದರೆ ಹತ್ತಿತು, ಇಲ್ಲದಿದ್ದರೆ ಮತ್ತೆ ಹಾಕಬೇಕು. ನೋಡದೆ ಬಿಟ್ಟ ಟೀಕಾ ಹಾಕದೆ ಬಿಟ್ಟಂತೆ ಎನ್ನುತ್ತಿದ್ದರು. ಪ್ರಾಣ ಹೋದರೂ ಎಂಟನೇ ದಿನ ತಪ್ಪಬಾರದು ಎಂದು ಮೇಜು ಕುಟ್ಟಿ ಹೇಳಿದರು. ದೊಡ್ಡವರು ಬಳಸುವ ಮಾತು, ಅದರ ತೂಕ ನನಗಾಗಲಿ ಅವರಿಗಾಗಲಿ ಆಗ ಗೊತ್ತಿರಲಿಲ್ಲ.

ಆಮೇಲೆ ಅವರು ಸೈಕಲ್ಲು ಕೊಳ್ಳಲು ಹೇಳಿದರು. ನನ್ನ ಜೊತೆ ಸೇರಿದ ಒಬ್ಬ ಹುಡುಗ ಮಿರಮಿರ ಮಿಂಚುವ ಹೊಸ ಸೈಕಲ್ಲು ತಂದಿದ್ದ. ತೆಳ್ಳನೆಯ ಟೈರು, ಚೈನಿಗೆ ಮುಚ್ಚಳ, ಗಾಲಿಗಳಿಗೆ ಅಂಟಿದಂತಿದ್ದ ಮಡ್‌ಗಾರ್ಡು. ಅದನ್ನು ನೋಡಿ ನನ್ನ ಬಾಯಲ್ಲಿ ನೀರೂರಿತು. ಸಂತಪುರದ ದಾರಿಯಲ್ಲಿ ಒಂದೇ ಒಂದು ಅಕಾಲದ ಮಳೆ ಬಿತ್ತು ನೋಡಿ. ಯರಿ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಸೇರಿ ಗಟ್ಟಿಯಾಯಿತು, ಗಾಲಿ ತಿರುಗಲಿಲ್ಲ, ಆ ಹುಡುಗ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಕೊನೆಗೆ ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಬಂದ. ಬೀದರಿನ ಸುತ್ತ ಕೆಂಪು ಕಲ್ಲು ಟೈರನ್ನು ಸೀಳುತ್ತದೆ, ಭಾಲ್ಕಿ ಔರಾದದ ಕಪ್ಪು ಮಣ್ಣು ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಎರಡನ್ನೂ ತಾಳುವ ಸೈಕಲ್ಲು ಅಂಗಡಿಯಲ್ಲಿ ಹೊಸದಾಗಿ ಸಿಗುವುದಿಲ್ಲ.

ಸೈಕಲ್ಲು ಆರಿಸಲು ನಮ್ಮಪ್ಪನೂ ನನ್ನ ಜೊತೆ ಬೀದರಿಗೆ ಬಂದ. ಅವನು ಹುಟ್ಟಿದಾಗಿನಿಂದ ಸೈಕಲ್ಲು ಹತ್ತಿದವನಲ್ಲ, ಟಗರು ಕೊಂಡವನು. ಊರ ನಡುವಿನ ಚೌಬಾರ ಗೋಪುರದ ಹತ್ತಿರ ಬಾಡಿಗೆ ಸೈಕಲ್ಲಿನ ಅಂಗಡಿ ಇತ್ತು, ಹಳೆಯ ಸೈಕಲ್ಲುಗಳನ್ನೂ ಮಾರುತ್ತಿದ್ದರು. ಅಪ್ಪ ಒಂದೊಂದರ ಸೀಟಿನ ಮೇಲೂ ಅಂಗೈ ಊರಿ ಭಾರ ಬಿಟ್ಟು ನೋಡಿದ, ಬಗ್ಗಿ ಗಾಲಿಯ ಕಡ್ಡಿಗಳನ್ನು ಬೆರಳಿನಿಂದ ಮೀಟಿದ, ಅಂಗಡಿಯವನು ಬೇಡ ಬೇಡ ಎನ್ನುತ್ತಿದ್ದರೂ ಒಂದನ್ನು ಕಲ್ಲಿನ ಮೆಟ್ಟಿಲ ಮೇಲೆ ಓಡಿಸಿಕೊಂಡು ಹೋಗಿ ಇಳಿಸಿದ. ನಾನು ನಾಚಿಕೆಯಿಂದ ಆ ಕಡೆ ಮುಖ ಮಾಡಿ ನಿಂತೆ. ಆದರೆ ಮೂಲೆಯಲ್ಲಿ ಗೋಡೆಗೊರಗಿ ನಿಂತಿದ್ದ ಒಂದು ಸೈಕಲ್ಲನ್ನು ಇಬ್ಬರೂ ಒಟ್ಟಿಗೆ ನೋಡಿದೆವು.

ಅದು ವಿಲಾಯ್ತಿಯದು, ಉಕ್ಕಿನದು. ಸೀಟಿನಿಂದ ಹ್ಯಾಂಡಲ್ಲಿಗೆ ಒಂದರ ಬದಲು ಎರಡು ಪೈಪು. ಒಂದು ಪೈಪು ಎಲ್ಲೋ ಮುರಿದಿತ್ತು, ಅದನ್ನು ಹಿತ್ತಾಳೆ ಸುರಿದು ಬೆಸೆದಿದ್ದರು. ಬೆಸೆದ ಜಾಗ ಸುತ್ತಲಿನ ಉಕ್ಕಿಗಿಂತ ಗಟ್ಟಿ ಕಾಣುತ್ತಿತ್ತು. ಉಕ್ಕಿಗೆ ಅದೇ ಗುಣ, ಮುರಿದರೆ ಕುಲುಮೆ ಇರುವ ಯಾವ ಊರಿನಲ್ಲಾದರೂ ಕೂಡಿಸಬಹುದು. ಮುಂದಿನ ಮಡ್‌ಗಾರ್ಡನ್ನು ತೆಗೆದುಹಾಕಿದ್ದರು, ಹಿಂದಿನದನ್ನು ಕೈ ಹಿಡಿಸುವಷ್ಟು ಎತ್ತರಿಸಿದ್ದರು. ಬ್ರೇಕಿಗೆ ತಂತಿಯ ಬದಲು ಕಬ್ಬಿಣದ ಕಡ್ಡಿ, ಸೊಟ್ಟಾದರೆ ಕಲ್ಲಿನಲ್ಲಿ ಬಡಿದು ನೇರ ಮಾಡಬಹುದಾದದ್ದು. ಪೈಪಿನ ಕೆಳಗೆ ಎರಡು ಹೆಚ್ಚಿನ ಗಾಲಿಕಡ್ಡಿಗಳನ್ನು ಕಟ್ಟಿಟ್ಟಿದ್ದರು. ಇಷ್ಟೆಲ್ಲ ಯೋಚನೆ ಮಾಡಿದ ಪುಣ್ಯಾತ್ಮ ಯಾರು ಎಂದು ನನಗೆ ಬೆರಗಾಯಿತು. ನನ್ನ ತಿರುಗಾಟವನ್ನು ನನಗಿಂತ ಮೊದಲೇ ಯಾರೋ ತಿರುಗಿ, ನನಗೆ ಬೇಕಾದದ್ದನ್ನೆಲ್ಲ ಮಾಡಿಟ್ಟು ಹೋದಂತಿತ್ತು.

ಹ್ಯಾಂಡಲ್ಲಿನ ಕತ್ತಿಗೆ ಒಂದು ಕೊಕ್ಕೆ ಇತ್ತು. ಅದಕ್ಕೆ ಹಿತ್ತಾಳೆಯ ನಾಲಿಗೆ, ಯಾರೋ ಪತ್ತಾರನ, ಅಂದರೆ ಅಕ್ಕಸಾಲಿಗನ, ಕೈಯ ಕೆಲಸ. ಇದೇನು ಎಂದು ಕೇಳಿದರೆ ಅಂಗಡಿಯವನು, ಔರಾದ ಕಡೆಯ ಹಾಲಿನವನ ಸೈಕಲ್ಲಂತೆ, ಹಾಲಿನ ಕ್ಯಾನು ತೂಗುಹಾಕುತ್ತಿದ್ದನಂತೆ ಎಂದ. ನನಗೆ ಕುಜಾ ತೂಗುಹಾಕಲು ಹೇಳಿ ಮಾಡಿಸಿದಂತಿತ್ತು. ಅಪ್ಪ ಸೈಕಲ್ಲಿನ ಬೆನ್ನು ತಟ್ಟಿ, "ಇದು ದಾರಿ ಕಂಡದ. ಇದನ್ನೇ ತಗೋ," ಎಂದ. ತೆಗೆದುಕೊಂಡೆವು. ನನ್ನ ಅದೃಷ್ಟಕ್ಕೆ ನಾನೇ ಬೀಗುತ್ತ ಬಗದಲಿನವರೆಗೆ ತುಳಿದುಕೊಂಡು ಬಂದೆ, ಅಪ್ಪ ಹಿಂದಿನ ಕ್ಯಾರಿಯರಿನ ಮೇಲೆ ಕಣ್ಣುಮುಚ್ಚಿ ಕುಳಿತಿದ್ದ.

ಆ ಕೊಕ್ಕೆ ಮಾತ್ರ ನನ್ನನ್ನು ಸತಾಯಿಸಿತು. ಎಂಥ ಗುಂಡಿಗೆ ಬಿದ್ದರೂ ಕುಜಾ ಕಳಚುತ್ತಿರಲಿಲ್ಲ, ನಿಜ; ಆದರೆ ಬೇಕೆಂದಾಗಲೂ ಕಳಚುತ್ತಿರಲಿಲ್ಲ. ಮೊದಮೊದಲು ಕುಜಾ ಸಮೇತ ಸೈಕಲ್ಲನ್ನೇ ನೆರಳಿಗೆ ಎಳೆದೊಯ್ಯುತ್ತಿದ್ದೆ, ಹಳ್ಳಿಯವರು ನಗುತ್ತಿದ್ದರು. ಒಂದು ದಿನ ಸಿಟ್ಟಿನಿಂದ ಜಗ್ಗಾಡುವಾಗ ತಾನಾಗಿ ಗುಟ್ಟು ಸಿಕ್ಕಿತು. ಕುಜಾವನ್ನು ಮೇಲಕ್ಕೆತ್ತಬೇಕು, ಎಡಕ್ಕೆ ಅರ್ಧ ತಿರುವಬೇಕು, ಆಮೇಲೆ ತನ್ನ ಕಡೆ ಎಳೆದುಕೊಳ್ಳಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ನಾಲಿಗೆ ಬಿಡುವುದಿಲ್ಲ. ಕಂಡವರೆಲ್ಲ ಅದನ್ನು ಬಿಚ್ಚಲು ನೋಡಿದರು, ನನ್ನ ಜೊತೆಗಾರನೂ ಸೋತ, ಸಾಹೇಬರೂ ಒಮ್ಮೆ ಕೈ ಹಾಕಿ ಸುಮ್ಮನೆ ಬಿಟ್ಟರು.

ಮೊದಲ ತಿಂಗಳಲ್ಲೇ ನನ್ನ ಎದೆ ಒಡೆಯುವಂಥದ್ದೊಂದು ನಡೆಯಿತು. ಹುಡುಗರು ಇದನ್ನು ಓದಿ ನೆನಪಿಟ್ಟುಕೊಳ್ಳಬೇಕು. ಭಾಲ್ಕಿ ತಾಲೂಕಿನ ಒಂದು ಹಳ್ಳಿಗೆ ಹುರುಪಿನಿಂದ ಸೈಕಲ್ ಗಂಟೆ ಬಾರಿಸುತ್ತ ಹೋದೆ. ಊರಿನಲ್ಲಿ ಒಂದು ಮಗುವೂ ಇಲ್ಲ. ಹೆಂಗಸರೆಲ್ಲ ಕೈಕಟ್ಟಿ ನಿಂತು, ನಮ್ಮೂರಲ್ಲಿ ಮಕ್ಕಳೇ ಇಲ್ಲ ಎನ್ನುತ್ತಾರೆ. ಹಗ್ಗದ ಮೇಲೆ ಮಾತ್ರ ಸಾಲುಸಾಲಾಗಿ ಕುಲಾವಿ ಒಣಗುತ್ತಿವೆ. ಅಷ್ಟರಲ್ಲಿ ಒಬ್ಬ ಅಜ್ಜಿ ಓಡಿಬಂದು ಅಂಗಳದ ಕಲ್ಲುಚಪ್ಪಡಿ ಸರಿಸಿ ಕೂಗಿಕೊಂಡಳು. ಅದು ಹಗೇವು, ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ನನ್ನ ಗಂಟೆ ಕೇಳಿದ ಕೂಡಲೇ ಇಬ್ಬರು ಮಕ್ಕಳನ್ನು ಅದರೊಳಗೆ ಇಳಿಸಿ ಚಪ್ಪಡಿ ಎಳೆದಿದ್ದರು. ಒಳಗಿನ ಗಾಳಿ ಮನುಷ್ಯರು ಉಸಿರಾಡುವಂಥದ್ದಲ್ಲ. ಹೊರಗೆ ತೆಗೆದಾಗ ಮಕ್ಕಳ ತುಟಿ ನೀಲಿಯಾಗಿತ್ತು. ಬೀಸಣಿಗೆಯಿಂದ ಗಾಳಿ ಹಾಕಿ, ಬೆನ್ನು ತಿಕ್ಕಿ, ಅಂತೂ ಇಬ್ಬರೂ ಅತ್ತರು. ಆ ಅಳುವನ್ನು ಕೇಳಿ ನಾನೂ ಅತ್ತೆ. ಸರ್ಕಾರದವರು ಬಂದರೆ ಮಕ್ಕಳನ್ನು ನೆಲದೊಳಗೆ ಹೂಳುವಷ್ಟು ಹೆದರಿಕೆ ಈ ಜನರಿಗೆ ಎಲ್ಲಿಂದ ಬಂತು? ಆ ವರ್ಷ ಊರುಗಳಿಗೆ ಗಂಟೆ ಬಾರಿಸುತ್ತ ಬಂದವರು ಏನೇನು ಮಾಡಿದ್ದರೋ. ಅವತ್ತೇ ಗಂಟೆಯನ್ನು ಬಿಚ್ಚಿ ಹಾಕಿದೆ, ಮತ್ತೆಂದೂ ಕಟ್ಟಲಿಲ್ಲ.

ಶಿವರಾತ್ರಿ ಮುಗಿದ ಮೇಲೆ ಔರಾದದ ಆಚೆಗಿನ ಒಂದು ಊರಿಗೆ ಹೋದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಮೊಮ್ಮಕ್ಕಳು ಈಗಲೂ ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಾರೆ, ಅವರ ತಪ್ಪೇನೂ ಇಲ್ಲ. ಆ ಊರು ಬಹಳ ಅನುಭವಿಸಿತ್ತು. ನಿಜಾಮರ ಪರದ ಪಡೆಯವರಾದ ರಜಾಕಾರರು ಬಣವಿಗಳಿಗೆ ಬೆಂಕಿಯಿಟ್ಟು ಇಬ್ಬರನ್ನು ಕೊಂದಿದ್ದರು, ಸುಟ್ಟ ಗೋಡೆಗಳು ಹಾಗೇ ಇದ್ದವು. ಹನುಮಂತ ದೇವರ ಗುಡಿಯ ಮುಂದಿನ ಬೇವಿನ ಗಿಡದ ಹತ್ತಿರ ಸೈಕಲ್ಲು ನಿಲ್ಲಿಸಿದೆ. ಗುಂಡಪ್ಪ ಕಾಕಾ ಎಂಬ ಹಿರಿಯರು ಎದುರುಗೊಂಡರು; ಊರಿನಲ್ಲಿ ಎಲ್ಲರೂ ಅವರ ಮಾತು ಕೇಳುತ್ತಿದ್ದರು. ಟೀಕಾ ಹಾಕುವವರು ಸೈಕಲ್ಲಿನ ಮೇಲೆ ತಮ್ಮೂರಿಗೆ ಬಂದದ್ದು ಇದೇ ಮೊದಲು, ಹಿಂದೆಲ್ಲ ಯಾರೂ ಬಂದೇ ಇಲ್ಲ ಎಂದರು. ಅಷ್ಟು ಹೇಳುತ್ತಲೇ ನನ್ನ ಸೈಕಲ್ಲಿಗೆ ಕೈ ಹಾಕಿ ಕುಜಾವನ್ನು ಎತ್ತಿದರು, ಎಡಕ್ಕೆ ತಿರುವಿದರು, ಎಳೆದುಕೊಂಡರು, ಬೇವಿನ ನೆರಳಿಗೆ ಇಟ್ಟರು.

ನಾನು ಬಾಯಿ ತೆರೆದು ನೋಡಿದೆ. ಭಲೇ ಕಾಕಾ, ಇದು ಸಾಹೇಬರಿಗೂ ಬಗ್ಗದ ಕೊಕ್ಕೆ, ನೀವು ಹೇಗೆ ಬಿಚ್ಚಿದಿರಿ ಎಂದು ಮೆಚ್ಚಿಕೊಂಡೆ. ಅವರ ಮುಖ ಸ್ವಲ್ಪ ಕಪ್ಪಿಟ್ಟಿತು. ಎತ್ತಿನ ಹಗ್ಗ ಬಿಚ್ಚಿ ಪಳಗಿದ ಕೈ ಎಂದು ಗೊಣಗಿ ಒಳಗೆ ಹೋದರು. ನಾನು ಹಾಲುಗಲ್ಲದ ಕೂಸುಗಳಿಗೆಲ್ಲ ಟೀಕಾ ಹಾಕಿದೆ. ಸ್ವಲ್ಪ ದೊಡ್ಡ ಮಕ್ಕಳ ತೋಳಿನಲ್ಲಿ ಆಗಲೇ ಟೀಕಾದ ಕಲೆಗಳಿದ್ದವು, ಅವೂ ಇನ್ನೂ ಕೆಂಪಾಗಿದ್ದ ಹೊಸ ಕಲೆಗಳು. ಯಾರೂ ಬಂದೇ ಇಲ್ಲ ಎನ್ನುತ್ತೀರಲ್ಲ ಎಂದರೆ, ತಾಯಂದಿರು ಎಲ್ಲರೂ ಒಂದೇ ಮಾತು ಹೇಳಿದರು: ತವರುಮನೆಯಲ್ಲಿ ಹಾಕಿಸಿದ್ದು. ಎಲ್ಲರ ತವರಿಗೂ ಟೀಕಾದಾರ ಹೋಗಿದ್ದನೇ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಎಂಟನೇ ದಿನ ಬರುತ್ತೇನೆಂದು ಹೇಳಿ ಹೊರಟೆ.

ಆ ಎಂಟು ದಿನಗಳ ನಡುವೆ ಭಾಲ್ಕಿಯಲ್ಲಿ ಕೆಲಸವಿತ್ತು. ಕೋಟೆಯ ಹಿಂದಿನ ಓಣಿಯಲ್ಲಿ ಮಕ್ಕಳನ್ನು ಸೇರಿಸಿ ಕುಳಿತಿದ್ದೆ. ಒಬ್ಬ ಹೆಣ್ಣುಮಗಳು ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡು ಬಂದಳು. ಬಂದವಳು ನನ್ನ ಕಡೆ ನೋಡಲೇ ಇಲ್ಲ. ಕೂಸನ್ನು ಅದರ ತಾಯಿಗೆ ಕೊಟ್ಟು ಸೀದಾ ಸೈಕಲ್ಲಿನ ಹತ್ತಿರ ಹೋದಳು, ಹಿತ್ತಾಳೆಯ ಬೆಸುಗೆಯ ಮೇಲೆ ಬೆರಳಾಡಿಸಿದಳು. ಅವತ್ತು ಸೈಕಲ್ಲು ಗೋಡೆಯ ನೆರಳಿನಲ್ಲೇ ನಿಂತಿದ್ದರಿಂದ ಕುಜಾ ಇಳಿಸಿರಲಿಲ್ಲ. ಅವಳು ಅದನ್ನು ಎತ್ತಿ, ಎಡಕ್ಕೆ ತಿರುವಿ, ಎಳೆದುಕೊಂಡಳು. ಒಂದೇ ವಾರದಲ್ಲಿ ಎರಡನೇ ಸಲ ಇನ್ನೊಬ್ಬರ ಕೈಯಲ್ಲಿ ಆ ಕೊಕ್ಕೆ ಬಿಚ್ಚಿಕೊಂಡಿತು.

"ಈ ಸೈಕಲ್ ನಿಮಗ ಎಲ್ಲಿ ಸಿಕ್ತುರಿ?" ಎಂದು ಕೇಳಿದಳು. ದನಿ ಬಹಳ ಸಣ್ಣಗಿತ್ತು.

ಬೀದರಿನಲ್ಲಿ ಕೊಂಡದ್ದು, ಯಾರೋ ಹಾಲಿನವನದು ಎಂದೆ.

"ಹಾಲಿನವ್ರದು ಅಲ್ರಿ. ಇದು ನಮ್ಮ ಮನಿಯವರದು. ಟೀಕಾ ಹಾಕ್ತಿದ್ರು."

ನನ್ನ ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟೆ. ಅವಳ ಹೆಸರು ಖಾಸಿಂಬಿ. ಗಂಡ ಇಮಾಮ್ ಸಾಹೇಬರು. ನನ್ನ ನೌಕರಿಯ ಜಾಗದಲ್ಲಿ ನನಗಿಂತ ಮೊದಲು ಇದ್ದವರು. ಗುಮಾಸ್ತರು ಪಾಕಿಸ್ತಾನಕ್ಕೆ ಓಡಿಹೋದ ಎಂದರಲ್ಲ, ಅವರೇ. ಪೈಪು ಬೆಸೆದದ್ದೂ ಕೊಕ್ಕೆ ಮಾಡಿದ್ದೂ ಭಾಲ್ಕಿಯ ಪತ್ತಾರನೇ. ದಿನಾ ಬೆಳಿಗ್ಗೆ ಕುಜಾಕ್ಕೆ ನೀರು ಹಾಕಿ ಕೊಡುವವಳು ಅವಳಾದ್ದರಿಂದ, ಕೊಕ್ಕೆ ಬಿಚ್ಚುವುದನ್ನು ಗಂಡ ಅವಳಿಗೆ ಕಲಿಸಿದ್ದರು. ಮಳೆಗಾಲದಲ್ಲಿ ಟೀಕಾ ಹಾಕುವ ರೂಢಿ ಇರಲಿಲ್ಲ, ಆದರೆ ಔರಾದದ ಕಡೆ ದೇವಿ ಎದ್ದಿದ್ದರಿಂದ ಅವರು ಹೋಗಿ ಹಾಕಿ ಬಂದಿದ್ದರು. ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು. ಎಲ್ಲ ಕಡೆ ಕೊಲೆಯ ಸುದ್ದಿ. ಮನೆ ಬಿಟ್ಟು ಹೋಗಬೇಡಿ ಎಂದು ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳಂತೆ.

"ಎಂಟನೇ ದಿನಾ ಅದ, ನೋಡಿ ಬರ್ತೀನಿ ಅಂತ ಹೋದ್ರು. ಬರಲೇ ಇಲ್ಲ," ಎಂದಳು. ಯಾವ ಊರು ಎಂದು ಅವಳಿಗೆ ಗೊತ್ತಿರಲಿಲ್ಲ.

ಓಣಿಯ ಜನ ಅವಳ ಬೆನ್ನ ಹಿಂದೆ ಆಡುವ ಮಾತು ಅವಳಿಗೆ ಗೊತ್ತಿತ್ತು. ಗಂಡ ಹೆಂಡತಿಯನ್ನು ಬಿಟ್ಟು ಕರಾಚಿಗೆ ಹೋಗಿ ಇನ್ನೊಬ್ಬಳನ್ನು ಮಾಡಿಕೊಂಡಿದ್ದಾನೆ ಎಂದು. ಅವಳಿಗೆ ಬೇಕಾಗಿದ್ದದ್ದು ಒಂದೇ: ಅವರು ಬಿಟ್ಟು ಹೋದರೋ, ಸತ್ತು ಹೋದರೋ. ಬಳೆ ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂಬುದು ಕೂಡ ತನಗೆ ತಿಳಿಯುತ್ತಿಲ್ಲ ಎಂದಳು. ನಾನು ಆ ಸೈಕಲ್ಲಿನ ಸೀಟಿನ ಮೇಲೆ ಹಾಡು ಗುನುಗುತ್ತ ಅವಳ ಬಾಗಿಲಿಗೆ ಬಂದಿದ್ದೆ. ಔರಾದದ ಆಚೆಗಿನ ಊರು, ಯಾರೂ ಬಂದೇ ಇಲ್ಲ ಎಂದ ಗುಂಡಪ್ಪ ಕಾಕಾ, ಆ ಮಾತಾಡುತ್ತಲೇ ಕೊಕ್ಕೆ ಬಿಚ್ಚಿದ ಅವರ ಕೈ, ತವರಿನ ಟೀಕಾ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವಳಿಗೆ ಏನೂ ಹೇಳಲಿಲ್ಲ. ಎಂಟನೇ ದಿನ ಒಂದು ಊರಿಗೆ ಹೋಗುವುದಿದೆ, ಹೋಗಿ ಬಂದು ಹೇಳುತ್ತೇನೆ ಎಂದಷ್ಟೇ ಅಂದೆ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಮಾತು ಎಂದು ನನಗೂ ಹೊಳೆಯಿತು, ಅವಳಿಗೂ ಹೊಳೆಯಿತು.

ಸೈಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತೇನೆ ಎಂದೆ. ಅವಳು ಬೇಡವೆಂದಳು. ಅದರ ಮೇಲೇ ಹೋಗಬೇಕು, ಅದನ್ನು ನೋಡಿದರೇ ಯಾರಾದರೂ ಬಾಯಿ ಬಿಡುತ್ತಾರೆ ಎಂದಳು.

ಎಂಟನೇ ದಿನ ಔರಾದ ದಾಟಿದೆ. ಹೋಗದೇ ಇರಬಹುದಿತ್ತು, ಬೇರೆ ಯಾರನ್ನಾದರೂ ಕಳಿಸಿ ಎಂದರೆ ಸಾಹೇಬರು ಕಳಿಸುತ್ತಿದ್ದರು. ಆದರೆ ಆ ಸೈಕಲ್ಲಿಗೆ ಆ ದಾರಿ ನನಗಿಂತ ಚೆನ್ನಾಗಿ ಗೊತ್ತಿತ್ತು ಎಂದು ಅನಿಸುತ್ತಿತ್ತು, ಅದೇ ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಬೇವಿನ ಗಿಡದ ಹತ್ತಿರ ನಿಂತೆ. ಗುಂಡಪ್ಪ ಕಾಕಾ ಬಂದರು, ಬನ್ನಿರಿ ಎಂದರು, ರೂಢಿಯಂತೆ ಕುಜಾಕ್ಕೆ ಕೈ ಚಾಚಿದರು. ನಾನು ಹ್ಯಾಂಡಲ್ಲು ಬಿಡಲಿಲ್ಲ.

ಕೂಗಾಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಆ ಮುದುಕರ ಮುಖ ನೋಡಿದಾಗ ಆಗಲಿಲ್ಲ. "ಕಾಕಾ, ಈ ಸೈಕಲ್ಲಿನವರ ಹೆಂಡತಿ ಭಾಲ್ಕ್ಯಾಗ ಅದಾಳ್ರಿ. ಗಂಡ ಬಿಟ್ಟು ಓಡಿ ಹೋಗ್ಯಾನ ಅಂತ ಓಣಿ ಮಂದಿ ಆಡ್ಕೊತಾರ," ಎಂದೆ.

ಅವರ ಕೈ ಕುಜಾದ ಮೇಲೇ ಉಳಿಯಿತು. "ಓಡಿ ಹೋಗ್ಯಾರ ಅಂತಾರಾ?" ಎಂದರು. ಇನ್ನೊಮ್ಮೆ ಅದನ್ನೇ ಕೇಳಿದರು. ಆಮೇಲೆ ಗುಡಿಯ ಕಟ್ಟೆಯ ಮೇಲೆ ಕುಸಿದು ಕುಳಿತರು. ತಾವು ಬಾಯಿ ಮುಚ್ಚಿಕೊಂಡದ್ದರಿಂದ ಊರು ಉಳಿಯಿತು ಎಂದಷ್ಟೇ ಅವರು ತಿಳಿದಿದ್ದರು; ಆ ಮೌನ ಭಾಲ್ಕಿಯ ಒಂದು ಬಾಗಿಲಲ್ಲಿ ಇನ್ನೊಂದು ಮಾತಾಗಿ ಬೆಳೆದದ್ದು ಅವರಿಗೆ ಗೊತ್ತಿರಲಿಲ್ಲ.

ಅವರು ಹೇಳಿದ್ದನ್ನು ಇಲ್ಲಿ ಚಿಕ್ಕದಾಗಿ ಬರೆಯುತ್ತೇನೆ. ಉದ್ದ ಬರೆಯಲು ನನಗೆ ಈಗಲೂ ಆಗುವುದಿಲ್ಲ. ಇಮಾಮ್ ಸಾಹೇಬರು ವರ್ಷವರ್ಷ ಬರುತ್ತಿದ್ದರು, ಕೊಕ್ಕೆಯ ಗುಟ್ಟನ್ನು ಅವರೇ ಕಾಕಾರಿಗೆ ಕಲಿಸಿದ್ದರು, ಬಂದಾಗಲೆಲ್ಲ ಕುಜಾ ಇಳಿಸುತ್ತಿದ್ದವರು ಕಾಕಾರೇ. ಆ ದಿನವೂ ಇಳಿಸಿದರು. ಮಕ್ಕಳ ತೋಳು ನೋಡುತ್ತ ಕುಳಿತಿದ್ದಾಗ, ಹೊರಗಿನ ಹಳ್ಳಿಗಳಿಂದ ಗುಂಪು ಬರುತ್ತಿದೆ ಎಂದು ಸುದ್ದಿ ಬಂತು. ಬಣವಿ ಸುಟ್ಟವರ ಜಾತಿಯವನೊಬ್ಬ ಸಿಕ್ಕಿದ್ದಾನೆ ಎಂದು ಊರಿನವರೂ ಕೆಲವರು ಅದಕ್ಕೆ ಸೇರಿಕೊಂಡಿದ್ದರು. ಕಾಕಾ ತಮ್ಮ ಧೋತರ ಬಿಚ್ಚಿಕೊಟ್ಟು, ಇದನ್ನು ಉಟ್ಟುಕೊಂಡು ಜೋಳದ ಹೊಲದಲ್ಲಿ ಇಳಿದು ಹೋಗಿರಿ ಎಂದು ಕೈ ಮುಗಿದರು.

"ನಾಕ ಮಕ್ಕಳು ಉಳದಾವ ಕಾಕಾ, ನೋಡಿ ಹೋಗ್ತೀನಿ ಅಂದ್ರು," ಎಂದರು ಗುಂಡಪ್ಪ ಕಾಕಾ. "ನಾ ಒಳಗ ಹೋಗಿ ಬಾಗಲಾ ಹಾಕ್ಕೊಂಡೆ. ಆಮ್ಯಾಲ ಹೊರಗ ಬಂದಾಗ ಗಿಡದ ಬುಡಕ್ಕ ಕುಜಾ ಒಂದೇ ಇತ್ತು."

ಕೊಂದವರೇ ಇಮಾಮ್ ಸಾಹೇಬರನ್ನು ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದ್ದರಂತೆ. ಸೈಕಲ್ಲನ್ನು ಅವರಲ್ಲೊಬ್ಬ ಒಯ್ದು ಹಾಲಿನವನದೆಂದು ಹೇಳಿ ಬೀದರಿನಲ್ಲಿ ಮಾರಿದ್ದ. ಯಾರಾದರೂ ಕೇಳಿದರೆ ಟೀಕಾದವರು ಬಂದೇ ಇಲ್ಲ ಎಂದು ಹೇಳಲು ಊರೆಲ್ಲ ಕೂಡಿ ತೀರ್ಮಾನಿಸಿತ್ತು. ತಮ್ಮ ಮಕ್ಕಳ ತೋಳಿನ ಮೇಲೆಯೇ ಆತನ ಕೈಬರಹ ಇರುವಾಗ ಬಂದೇ ಇಲ್ಲ ಎನ್ನುವುದು ಹೇಗೆ ಸಾಧ್ಯವಾಯಿತು? ಇಷ್ಟು ವರ್ಷ ಯೋಚಿಸಿದ್ದೇನೆ, ನನಗೆ ಅರ್ಥವಾಗಿಲ್ಲ. ಆ ತಾಯಂದಿರು ಕೆಟ್ಟವರಾಗಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ದಂಗುಬಡಿಸುವುದು.

ನಾನು ಹಾಕಿದ ಟೀಕಾಗಳನ್ನು ನೋಡಿದೆ. ಎಲ್ಲವೂ ಎದ್ದಿದ್ದವು. ಆಮೇಲೆ ಆ ನಾಲ್ಕು ಮಕ್ಕಳು ಯಾರು ಎಂದು ಕೇಳಿದೆ. ಕಾಕಾರಿಗೆ ನಾಲ್ಕೂ ಹೆಸರು ನೆನಪಿತ್ತು. ಒಬ್ಬೊಬ್ಬರನ್ನಾಗಿ ಕರೆದರು. ತಾಯಂದಿರು ಸೆರಗು ಬಾಯಿಗಿಟ್ಟುಕೊಂಡು ಮಕ್ಕಳನ್ನು ನನ್ನ ಮುಂದೆ ತಂದು ನಿಲ್ಲಿಸಿದರು, ಈ ಸಲ ಯಾರೂ ತವರಿನ ಮಾತೆತ್ತಲಿಲ್ಲ. ನಾನು ಅಂಗಿಯ ತೋಳು ಮಡಿಸಿ ನೋಡಿದೆ.

ಬೀದರಿಗೆ ಹೋಗಿ ದೊಡ್ಡ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಎಂಟನೇ ದಿನ ತಪ್ಪಬಾರದೆಂದು ಅವನಿಗೆ ಕಲಿಸಿದವನು ನಾನೇ ಎಂದು ಅವರು ಉರ್ದುವಿನಲ್ಲಿ ಹೇಳಿ, ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಅವರೇ ಪೊಲೀಸರಿಗೆ ತಿಳಿಸಿದರು. ಗುಂಡಪ್ಪ ಕಾಕಾ ಒಬ್ಬರೇ ಧೈರ್ಯ ಮಾಡಿ ಹೇಳಿಕೆ ಕೊಟ್ಟರು, ಉಳಿದವರು ಕೊಡಲಿಲ್ಲ, ಯಾರಿಗೂ ಶಿಕ್ಷೆಯಾಗಲಿಲ್ಲ. ಆದರೆ ಕಚೇರಿಯಲ್ಲಿ ಇಮಾಮ್ ಸಾಹೇಬರು ಓಡಿಹೋದರು ಎಂದು ಮತ್ತೆ ಯಾರೂ ಅನ್ನಲಿಲ್ಲ, ದೊಡ್ಡ ಸಾಹೇಬರು ಅನ್ನಗೊಡಲಿಲ್ಲ.

ಭಾಲ್ಕಿಗೆ ಹೋಗುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಬೆಳಿಗ್ಗೆಯೇ ಹೋದೆ. ಓಣಿಯ ಹೆಂಗಸರು ಬಾವಿಯ ಕಡೆ ಓಡಾಡುವ ಹೊತ್ತು. ಖಾಸಿಂಬಿ ಹೊಸ್ತಿಲಲ್ಲಿ ಕುಳಿತು ಕೌದಿ ಹೊಲಿಯುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಧೋತರದ ಮಾತು, ನಾಲ್ಕು ಮಕ್ಕಳ ಮಾತು, ಯಾವುದನ್ನೂ ಬಿಡಲಿಲ್ಲ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಬೆರಳು ಮಡಿಸಿ ಎಣಿಸತೊಡಗಿದಳು. ಗಂಡ ಸತ್ತರೆ ನಾಲ್ಕು ತಿಂಗಳು ಹತ್ತು ದಿನ ಅವರಲ್ಲಿ ಇದ್ದತ್ ಕೂಡುತ್ತಾರೆ, ಹೊರಗೆ ಬಾರದೆ ದುಃಖ ಮಾಡುತ್ತಾರೆ. ಅದನ್ನು ಸತ್ತ ದಿನದಿಂದ ಎಣಿಸುತ್ತಾರೆ, ಸುದ್ದಿ ಬಂದ ದಿನದಿಂದಲ್ಲ.

"ಇದ್ದತ್ ಆಗ್ಲೇ ಮುಗದ ಹೋಗ್ಯಾದ್ರಿ," ಎಂದಳು. "ನಾ ಬಳಿ ಹಾಕ್ಕೊಂಡೇ ತಿರಗ್ಯಾಡಿದೆ."

ಅಳಲು ಇಟ್ಟಿದ್ದ ದಿನಗಳೂ ಅವಳಿಗೆ ಗೊತ್ತಿಲ್ಲದೆ ಕಳೆದುಹೋಗಿದ್ದವು. ಅವಳು ತಲೆ ಎತ್ತಿ ಕೇಳಿದಳು: "ಆ ನಾಕ ಮಕ್ಕಳ ಕೈ ನೀವು ನೋಡಿದ್ರೇನ್ರಿ?"

"ನೋಡೀನಿ ಆಪಾ. ನಾಕೂ ಮಕ್ಕಳಿಗಿ ಛಲೋ ಹತ್ತ್ಯಾದ."

ಅವಳು ಎದ್ದು ಓಣಿಯ ನಡುವೆ ಬಂದು ನಿಂತಳು. ನೀರಿನ ಕೊಡ ಹೊತ್ತ ಹೆಂಗಸರು ನಿಂತರು. ಅವಳು ಎರಡೂ ಕೈಯ ಬಳೆಗಳನ್ನು ಅವರೆಲ್ಲರ ಕಣ್ಣ ಮುಂದೆ ಒಂದೊಂದಾಗಿ ತೆಗೆದಳು. "ನಮ್ಮ ಮನಿಯವರು ಎಲ್ಲೂ ಓಡಿ ಹೋಗಿಲ್ಲ. ಟೀಕಾ ನೋಡ್ಲಾಕ ಹೋಗಿದ್ರು," ಎಂದಳು. ಒಬ್ಬ ಮುದುಕಿ ಕೊಡ ಇಳಿಸಿ ಬಂದು ಅವಳ ಕೈ ಹಿಡಿದುಕೊಂಡಳು.

ಸೈಕಲ್ಲನ್ನು ಅವಳ ಗೋಡೆಗೆ ಒರಗಿಸಿ, ಕುಜಾ ಅದರಲ್ಲೇ ಇದೆ ಎಂಬುದನ್ನೂ ಮರೆತು ನಾನು ನಡೆದುಕೊಂಡು ಹೊರಟೆ. ಎರಡು ಮನೆ ದಾಟಿರಲಿಲ್ಲ, ಹಿಂದಿನಿಂದ ಕರೆದಳು. ತಿರುಗಿ ನೋಡಿದರೆ ಕುಜಾವನ್ನು ಬಿಚ್ಚಿ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಅದನ್ನೂ ತನ್ನಲ್ಲೇ ಇಟ್ಟುಕೊಳ್ಳುತ್ತಾಳೆಂದು ತಿಳಿದೆ. ಇಲ್ಲ, ಬಟ್ಟೆ ಹಿಂಡಿ ಹೊಸದಾಗಿ ಸುತ್ತಿ, ಮರಳಿಗೆ ತಣ್ಣೀರು ಹಾಕಿ ಹೊರಗೆ ತಂದಳು. ಎತ್ತಿ, ತಿರುವಿ, ಕೊಕ್ಕೆಗೆ ಹಾಕಿದಳು. ಹ್ಯಾಂಡಲ್ಲನ್ನು ನನ್ನ ಕಡೆ ತಿರುಗಿಸಿದಳು.

"ಬಿಸಲ ಏರ್ಲಾಕತ್ತದ, ಟೀಕಾ ಕೆಡ್ತಾವ," ಎಂದಳು. "ನಡೀರಿ."